ನಮ್ಮಕ್ಕನ ಇಮ್ಯೂನಿಟಿಗೆ ಬೂಸ್ಟ್ ಬೇಕಾಗಿರಲಿಲ್ಲ

ಬೆಂಗಳೂರಿನ ಆಫೀಸಿನಲ್ಲಿ ಕೂತು, ಮೀಟಿಂಗಿನ ನಡುವೆ, ಮೊಬೈಲಿನಲ್ಲಿ ಒಂದು ‘ಇಮ್ಯೂನಿಟಿ ಕಿಟ್’ ಆರ್ಡರ್ ಮಾಡಿ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಕಳಿಸಿದವನು ನಾನೇ. ಒಂದು ಸಲ ಅಲ್ಲ. ತಿಂಗಳಿಗೊಂದರಂತೆ ಎಂಟು ಡಬ್ಬಿ. ಈ ಬರಹದಲ್ಲಿ ನಾನು ಬಹಳ ಜನಕ್ಕೆ ಬೈಯಲಿದ್ದೇನೆ. ಹಾಗಾಗಿ ಮೊದಲ ಬೈಗುಳ ಯಾರಿಗೆ ಸಲ್ಲಬೇಕು ಅನ್ನೋದು ಇಲ್ಲೇ ಇತ್ಯರ್ಥ ಆಗಿಬಿಡಲಿ.

ನಮ್ಮಕ್ಕ ಜೀನ್ಸ್ ಹೊಲಿಯುತ್ತಾಳೆ. ಬಳ್ಳಾರಿ ಅಂದ ಕೂಡಲೇ ನಿಮಗೆ ಗಣಿ, ಕೆಂಪು ಧೂಳು, ಬಿಸಿಲು ನೆನಪಾಗಬಹುದು. ಕೌಲ್ ಬಜಾರಿನಲ್ಲಿ ಬೆಳೆದವರಿಗೆ ಮೊದಲು ನೆನಪಾಗುವುದು ಹೊಲಿಗೆ ಮಷಿನ್ನಿನ ಸದ್ದು. ಪೀಸಿನ ಲೆಕ್ಕದಲ್ಲಿ ಕೂಲಿ. ನೀಲಿ ಬಟ್ಟೆಯ ಮೇಲೆ ಕಿತ್ತಳೆ ದಾರದ ಎರಡು ಸಾಲು ತಪ್ಪದೆ ಓಡಬೇಕು. ಅಕ್ಕನಿಗೆ ಆಗ 29 ವರ್ಷ. ಒಂದು ಸಂಜೆ ಫೋನಿನಲ್ಲಿ, "ಯಾಕೋ ದಾರದ ಬಣ್ಣ ಮಣ್ಣಾದಂಗ ಕಾಣಸ್ತೈತಿ ತಮ್ಮ" ಅಂದಳು. ದಾರ ಬದಲಾಗಿರಲಿಲ್ಲ. ಎಡಗಣ್ಣು ಮುಚ್ಚಿದರೆ ಕಿತ್ತಳೆ ಕಿತ್ತಳೆಯಾಗಿಯೇ ಇತ್ತು, ಬಲಗಣ್ಣು ಮುಚ್ಚಿದರೆ ಕೆಸರು. ಕಣ್ಣು ಹೊರಳಿಸಿದರೆ ನೋವು. ಒಬ್ಬರು ಕನ್ನಡಕ ಬರೆದುಕೊಟ್ಟರು. ಅಮ್ಮ ಕಾಂಪೌಂಡಿನ ಮೇಲೆ ಹಬ್ಬಿದ್ದ ಅಮೃತಬಳ್ಳಿ ಕಿತ್ತು ಕಷಾಯ ಮಾಡಿದಳು. ಆರು ವಾರಕ್ಕೆ ಕಣ್ಣು ತಾನಾಗೇ ತಿಳಿಯಾಯಿತು. ಕಷಾಯ ಗೆದ್ದಿತು ಅಂತ ಮನೆಯವರೆಲ್ಲ ತೀರ್ಮಾನಿಸಿದೆವು.

ನಾಲ್ಕು ತಿಂಗಳು ಕಳೆದ ಮೇಲೆ ಮಷಿನ್ ಮೇಲೆ ಬಗ್ಗಿದಾಗಲೆಲ್ಲ ಕತ್ತಿನಿಂದ ಬೆನ್ನುಹುರಿಯುದ್ದಕ್ಕೂ ಕರೆಂಟು ಹೊಡೆದ ಹಾಗೆ ಆಗತೊಡಗಿತು. ಬಲಗಾಲು ಜೋಮು ಹಿಡಿದು ಪೆಡಲ್ ಮೇಲೆ ಎಷ್ಟು ಒತ್ತಿದ್ದೇನೆ ಅನ್ನೋದೇ ತಿಳಿಯದಾಯಿತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿಗೆ ಕರೆಸಿಕೊಂಡೆ. ಎಂಆರ್‌ಐನಲ್ಲಿ ಮೆದುಳಿನ ಮೇಲೆ, ಬೆನ್ನುಹುರಿಯ ಮೇಲೆ ಬಿಳಿ ಚುಕ್ಕೆಗಳು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ನರತಜ್ಞರು ಸ್ಟೆರಾಯ್ಡ್ ಡ್ರಿಪ್ ಕೊಟ್ಟು, "ಇದು ಈಗಿನ ಪೆಟ್ಟಿಗೆ ಅಷ್ಟೇ. ಮುಂದಿನ ಪೆಟ್ಟು ತಡೆಯೋಕೆ ಬೇರೆ ಔಷಧಿ ಬೇಗ ಶುರು ಮಾಡಬೇಕು, ಅದು ಇಮ್ಯೂನಿಟಿಯನ್ನ ಕಡಿಮೆ ಮಾಡುತ್ತೆ" ಅಂದರು.

ನಾವು ಕೇಳಿಸಿಕೊಂಡಿದ್ದು ಕೊನೆಯ ಮಾತು ಮಾತ್ರ. ಇಮ್ಯೂನಿಟಿ ಕಡಿಮೆ ಮಾಡುವ ಔಷಧಿಯೇ? ಕೋವಿಡ್ ಮುಗಿದು ಸರಿಯಾಗಿ ವರ್ಷ ಆಗಿರಲಿಲ್ಲ. ಎರಡು ವರ್ಷ ನಮ್ಮ ಕಿವಿಗೆ ಬಿದ್ದಿದ್ದು ಒಂದೇ ಮಂತ್ರ: ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ. ಅಮ್ಮ ಅಂದಳು: "ಮೊದಲ ನಿತ್ರಾಣ ಆಗ್ಯಾಳ, ಇದ್ದ ಶಕ್ತೀನೂ ಕಳಕೊಂಡ್ರ ಹೆಂಗಪ್ಪ?" ಜೀನ್ಸ್ ಯೂನಿಟ್ಟಿನ ಭಾಯ್, ಒಳ್ಳೆಯ ಮನುಷ್ಯ, ಅವರೂ ಅದನ್ನೇ ಹೇಳಿದರು. ನಾನು, ಇಂಜಿನಿಯರಿಂಗ್ ಓದಿದವನು, ‘ಸ್ವಲ್ಪ ದಿನ ಶಕ್ತಿ ಬರಲಿ, ಆಮೇಲೆ ನೋಡೋಣ’ ಅಂದೆ. ಅಂದು ಸುಮ್ಮನಿರದೆ ಡಬ್ಬಿ ಕಳಿಸಿದೆ.

ಎಂಟನೇ ತಿಂಗಳು ಎರಡನೇ ಪೆಟ್ಟು ಬಿತ್ತು. ಆ ಬಲಗಾಲು ಪೂರ್ತಿ ವಾಪಸ್ ಬರಲೇ ಇಲ್ಲ.

ಔಷಧಿ ಬೇಗ ಶುರು ಮಾಡಿದ್ದರೆ ಆ ಪೆಟ್ಟು ಬೀಳುತ್ತಲೇ ಇರಲಿಲ್ಲ ಅಂತ ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಬೀಳುವ ಸಂಭವ ಕಡಿಮೆ ಮಾಡುವ ಅವಕಾಶವನ್ನು ನಾವು ಕೈಯಾರೆ ಬಿಟ್ಟೆವು. ಬಿಡಿಸಿದ್ದು ಯಾವ ವೈರಿಯೂ ಅಲ್ಲ, ಒಂದು ಪದ.

ಆ ಪದ ‘ಶಕ್ತಿ’. ಕನ್ನಡದಲ್ಲಿ ಇಮ್ಯೂನಿಟಿಗೆ ನಾವು ‘ರೋಗನಿರೋಧಕ ಶಕ್ತಿ’ ಅಂತೀವಿ. ಪಠ್ಯಪುಸ್ತಕದಲ್ಲೂ ಅದೇ, ಟೀವಿಯಲ್ಲೂ ಅದೇ, ಡಬ್ಬಿಯ ಮೇಲೂ ಅದೇ. ಶಕ್ತಿ ಅಂದ ಮೇಲೆ ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಯಾರಿಗಾದರೂ ಅನಿಸಲೇಬೇಕು. ಇಮ್ಯೂನಿಟಿ ಅಂದರೆ ಮೊಬೈಲಿನ ಬ್ಯಾಟರಿ, ಇಪ್ಪತ್ತು ಪರ್ಸೆಂಟ್ ಇದ್ದದ್ದನ್ನು ಚಾರ್ಜಿಗೆ ಹಾಕಿ ನೂರು ಮಾಡಬೇಕು. ಬೂಸ್ಟರ್ ಮಾರುವವರ ಇಡೀ ವ್ಯಾಪಾರ ನಿಂತಿರುವುದು ಈ ಒಂದು ಚಿತ್ರದ ಮೇಲೆ. ಮತ್ತು ಈ ಚಿತ್ರ ಸುಳ್ಳು.

ಎಂಎಸ್‌ನಲ್ಲಿ ಆಗುವುದೇನು ನೋಡಿ. ಮನೆಯ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನರದ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ದೇಹದ ಕಾವಲು ಪಡೆ ಆ ಹೊದಿಕೆಯನ್ನೇ ಶತ್ರು ಅಂತ ತಿಳಿದು ಕಿತ್ತುಹಾಕುತ್ತದೆ. ಕಾವಲುಗಾರ ಸೋತಿಲ್ಲ, ನಿದ್ದೆಯನ್ನೂ ಮಾಡುತ್ತಿಲ್ಲ. ಮೈತುಂಬ ಶಕ್ತಿ ಇಟ್ಟುಕೊಂಡು ಮನೆಯವರಿಗೇ ಹೊಡೆಯುತ್ತಿದ್ದಾನೆ. ನಾನು ಸಾಫ್ಟ್‌ವೇರ್ ಟೆಸ್ಟರ್, ನನಗೆ ತಿಳಿಯೋ ಭಾಷೆಯಲ್ಲಿ ಹೇಳ್ತೀನಿ: ನಿಮ್ಮ ಫೈರ್‌ವಾಲ್ ನಿಮ್ಮದೇ ಸರ್ವರನ್ನು ಬ್ಲಾಕ್ ಮಾಡುತ್ತಾ ಕೂತಿದೆ. ನೀವು ‘ಫೈರ್‌ವಾಲಿಗೆ ಇನ್ನೂ ಪವರ್ ಕೊಡಿ’ ಅಂತ ಟಿಕೆಟ್ ಹಾಕ್ತೀರಾ? ನಾನು ಹಾಕಿದೆ. ಎಂಟು ಸಲ.

‘ಬೂಸ್ಟ್’ ಮಾಡಿದರೆ ಏನಾಗುತ್ತೆ ಅನ್ನೋದು ಊಹೆಯ ಮಾತಲ್ಲ, ಪರೀಕ್ಷೆ ಆಗಿಹೋಗಿದೆ. ಎಂಎಸ್ ಹಿಂದೆ ವೈರಸ್ಸಿನ ಕೈವಾಡ ಇರಬಹುದು ಅಂತ ಅಮೆರಿಕದ ವೈದ್ಯರು 18 ರೋಗಿಗಳಿಗೆ ಗಾಮಾ ಇಂಟರ್‌ಫೆರಾನ್ ಕೊಟ್ಟು ನೋಡಿದರು. ಅದು ಕಾವಲು ಕೋಶಗಳನ್ನು ಹುರಿದುಂಬಿಸುವ ಪ್ರೋಟೀನು. ಚಿಕಿತ್ಸೆ ನಡೆಯುತ್ತಿರುವಾಗಲೇ ಏಳು ಜನಕ್ಕೆ ಕಾಯಿಲೆ ಮರುಕಳಿಸಿತು. ಪ್ರಯೋಗ ನಿಲ್ಲಿಸಿ, 1987ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಆ ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಇನ್ನೊಂದು ತಮಾಷೆ ಕೇಳಿ. ಅದೇ ಇಂಟರ್‌ಫೆರಾನ್ ಕುಟುಂಬದ ಬೀಟಾ ಎಂಬ ಇನ್ನೊಂದು ಪ್ರೋಟೀನು 1993ರಲ್ಲಿ ಎಂಎಸ್ ಮರುಕಳಿಕೆ ಕಡಿಮೆ ಮಾಡುವ ಮೊದಲ ಔಷಧಿಯಾಗಿ ಅಮೆರಿಕದಲ್ಲಿ ಮಂಜೂರಾಯಿತು. ಹಾಗಾದರೆ ಎಲ್ಲವನ್ನೂ ತಗ್ಗಿಸಿದರೆ ಸರಿಹೋಗುತ್ತಾ? ಅದೂ ಇಲ್ಲ. ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಲೆನರ್ಸೆಪ್ಟ್ ಎಂಬ ಔಷಧಿ ಕೊಟ್ಟಾಗ ಮರುಕಳಿಕೆ ಹೆಚ್ಚಾಯಿತು, ಅದು 1999ರಲ್ಲಿ ವರದಿಯಾಯಿತು.

ಒಂದನ್ನು ಏರಿಸಿದರೆ ಕೇಡು, ಅದರ ಒಡಹುಟ್ಟನ್ನು ಏರಿಸಿದರೆ ಗುಣ, ಇನ್ನೊಂದನ್ನು ಇಳಿಸಿದರೆ ಮತ್ತೆ ಕೇಡು. ಇಲ್ಲಿ ಎಷ್ಟು ಅನ್ನೋದಕ್ಕಿಂತ ಯಾವುದು, ಎಲ್ಲಿ, ಯಾವಾಗ ಅನ್ನೋದು ಮುಖ್ಯ. ಇಮ್ಯೂನಿಟಿಗೆ ಬೇಕಿರುವುದು ಶಕ್ತಿಗಿಂತ ಹೆಚ್ಚಾಗಿ ವಿವೇಕ. ಡಬ್ಬಿಯಲ್ಲಿ ವಿವೇಕ ತುಂಬಿಸಿ ಮಾರೋಕೆ ಆಗಲ್ಲ, ಹಾಗಾಗಿ ಶಕ್ತಿ ಅಂತ ಮಾರ್ತಾರೆ.

ಈಗ ನಿಮ್ಮಲ್ಲಿ ಒಂದಿಬ್ಬರು ಗೂಗಲ್ ಮಾಡಿ, ‘ಸಹಜ ರೋಗನಿರೋಧಕತೆಯನ್ನೇ ಬಳಸಿ ಎಂಎಸ್ ವಾಸಿ ಮಾಡುವ ಸಂಶೋಧನೆ ನಡೀತಿದೆಯಲ್ಲ, ಅದೂ ಬೂಸ್ಟರ್ ತಾನೇ?’ ಅಂತ ಬರ್ತೀರಿ. ಬಂದೇ ಬರ್ತೀರಿ, ಯಾಕಂದ್ರೆ ನಾನೂ ಹಾಗೇ ಬಂದಿದ್ದೆ. ಕೂತ್ಕೊಳ್ಳಿ, ಮಾತಾಡೋಣ.

ಕಾವಲು ಪಡೆಯಲ್ಲಿ ಎರಡು ದಳ. ಒಂದು ಹುಟ್ಟಿನಿಂದ ಬಂದದ್ದು: ಯಾರು ಬಂದರೂ ಮೊದಲು ಎದುರಾಗುವ, ಹೆಸರು ಕೇಳದೆ ನುಂಗುವ ಕೋಶಗಳು. ಇನ್ನೊಂದು ಕಲಿತು ಬಂದದ್ದು: ಒಬ್ಬೊಬ್ಬ ಶತ್ರುವಿನ ಮುಖ ನೆನಪಿಟ್ಟುಕೊಳ್ಳುವ ಟಿ ಮತ್ತು ಬಿ ಕೋಶಗಳು. ಇವತ್ತು ಎಂಎಸ್‌ಗೆ ಇರುವ ಒಳ್ಳೆಯ ಔಷಧಿಗಳಲ್ಲಿ ಹೆಚ್ಚಿನವು ಎರಡನೇ ದಳವನ್ನು ಹತೋಟಿಗೆ ತರುತ್ತವೆ. ಅವುಗಳಿಂದ ಮರುಕಳಿಕೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಆದರೆ ಎಷ್ಟೋ ರೋಗಿಗಳಲ್ಲಿ ವರ್ಷಗಳು ಕಳೆದಂತೆ, ಪೆಟ್ಟೇನೂ ಬೀಳದಿದ್ದರೂ ನಡಿಗೆ ನಿಧಾನಕ್ಕೆ ಕೆಡುತ್ತಾ ಹೋಗುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಆ ಕೆಂಡ ಊದುತ್ತಿರುವವರಲ್ಲಿ ಮೊದಲ ದಳದವರೇ ಆದ, ಮೆದುಳಿನೊಳಗೇ ಮನೆ ಮಾಡಿಕೊಂಡಿರುವ ಮೈಕ್ರೋಗ್ಲಿಯಾ ಕೋಶಗಳು ಮುಖ್ಯ. ಇದೇ ಕೋಶಗಳು ಮನಸ್ಸು ಮಾಡಿದರೆ ಹರಿದ ಮಯಲಿನ್ ಚೂರುಗಳನ್ನು ಗುಡಿಸಿ, ಹೊಸ ಹೊದಿಕೆ ಬರಲು ಜಾಗ ಮಾಡಿಕೊಡುತ್ತವೆ. ಅವನ್ನು ಕೊಲ್ಲುವಂತಿಲ್ಲ, ರೊಚ್ಚಿಗೆಬ್ಬಿಸುವಂತೆಯೂ ಇಲ್ಲ. ಪಳಗಿಸಬೇಕು. ನಮ್ಮ ಕಡೆ ಹೋರಿಗೆ ನೊಗ ಹೂಡುತ್ತಾರಲ್ಲ, ಆ ಕೆಲಸ ಅದು. ಹೋರಿಗೆ ಇನ್ನಷ್ಟು ಹಿಂಡಿ ತಿನ್ನಿಸಿ ಬೀದಿಗೆ ಬಿಡುವ ಕೆಲಸ ಅಲ್ಲ.

ಈ ಪಳಗಿಸುವ ಕೆಲಸ ಎಷ್ಟು ಕಷ್ಟ ಅಂತ ನೋಡಿ. ಬಿ ಕೋಶಗಳನ್ನೂ ಮೈಕ್ರೋಗ್ಲಿಯಾವನ್ನೂ ಒಟ್ಟಿಗೆ ತಣಿಸುವ ಗುಳಿಗೆಗಳಿಗಾಗಿ ದೊಡ್ಡ ಕಂಪನಿಗಳು ಜಿದ್ದಿಗೆ ಬಿದ್ದಿವೆ. ಅವುಗಳಲ್ಲಿ ಎವೊಬ್ರುಟಿನಿಬ್ ಎಂಬುದು 2023ರ ಕೊನೆಗೆ ಪರೀಕ್ಷೆಯಲ್ಲಿ ಫೇಲಾಯಿತು. ಟೊಲೆಬ್ರುಟಿನಿಬ್ ಎಂಬ ಇನ್ನೊಂದು, ಮರುಕಳಿಕೆ ನಿಂತು ನಿಧಾನಕ್ಕೆ ಕೆಡುತ್ತಿರುವ ರೋಗಿಗಳಲ್ಲಿ ಅಂಗವೈಕಲ್ಯ ಮುಂದುವರಿಯುವ ಅಪಾಯವನ್ನು ಶೇ 31ರಷ್ಟು ತಗ್ಗಿಸಿತು ಅಂತ 2025ರಲ್ಲಿ ಪ್ರಕಟವಾಯಿತು. ಆದರೆ ಅದೇ ಗುಳಿಗೆ ಮರುಕಳಿಕೆ ತಡೆಯುವುದರಲ್ಲಿ ಹಳೆಯ ಔಷಧಿಯೊಂದನ್ನು ಮೀರಿಸಲಿಲ್ಲ, ಕೆಲವರ ಯಕೃತ್ತಿಗೆ ಪೆಟ್ಟೂ ಕೊಟ್ಟಿತು. ಇಷ್ಟನ್ನೂ ಅದೇ ಸಂಶೋಧಕರೇ ಹೇಳಿದರು.

ಇನ್ನೊಂದು ಉದಾಹರಣೆ ನಿಮ್ಮ ತೋಳಿನ ಮೇಲೇ ಇದೆ. ಹುಟ್ಟಿದಾಗ ಹಾಕಿದ ಬಿಸಿಜಿ ಚುಚ್ಚುಮದ್ದಿನ ಕಲೆ. ಕ್ಷಯಕ್ಕೆಂದು ಹಾಕುವ ಈ ಲಸಿಕೆ ಸಹಜ ದಳದ ಕೋಶಗಳ ನಡವಳಿಕೆಯನ್ನೂ ತಿದ್ದುತ್ತದೆ. ಇಟಲಿಯ ವೈದ್ಯರು ಎಂಎಸ್‌ನ ಮೊದಲ ಲಕ್ಷಣ ಕಂಡ 73 ಜನರನ್ನು ಪರೀಕ್ಷಿಸಿದರು. ಐದು ವರ್ಷದ ನಂತರ ಬಿಸಿಜಿ ಪಡೆದವರಲ್ಲಿ ಶೇ 58 ಮಂದಿಗೆ ಎಂಎಸ್ ಖಚಿತವಾಗಿರಲಿಲ್ಲ. ಪಡೆಯದವರಲ್ಲಿ ಅಂಥವರು ಶೇ 30 ಮಾತ್ರ. ಓದಿ ನನಗೂ ಖುಷಿಯಾಯಿತು. ಆದರೆ 73 ಜನರ ಪರೀಕ್ಷೆ ಒಂದು ಆಸೆ ಅಷ್ಟೇ, ಚಿಕಿತ್ಸೆ ಅಲ್ಲ. ಜತೆಗೆ ಬಿಸಿಜಿಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ನಮ್ಮಕ್ಕನ ಹಾಗೆ ಇಮ್ಯೂನಿಟಿ ತಗ್ಗಿಸುವ ಔಷಧಿಯಲ್ಲಿರುವವರಿಗೆ ಅದನ್ನು ಚುಚ್ಚಿದರೆ ಅಪಾಯ. ಇದನ್ನು ಓದಿ ಯಾರೂ ಬಿಸಿಜಿ ಹುಡುಕಿಕೊಂಡು ಹೋಗಬೇಡಿ.

ಮೂರನೇ ಕತೆ ಕೇಳಿದರೆ ಷೇರು ಮಾರ್ಕೆಟ್ಟಿನಲ್ಲಿ ಆಡುವ ನನ್ನ ಗೆಳೆಯರು ಕಣ್ಣು ಬಿಡ್ತಾರೆ. ಇನ್ನೇಟ್ ಇಮ್ಯುನೊಥೆರಪ್ಯೂಟಿಕ್ಸ್ ಅಂತ ಒಂದು ಕಂಪನಿ. ಬ್ಯಾಕ್ಟೀರಿಯಾದಿಂದ ತೆಗೆದ ಸೂಕ್ಷ್ಮ ಕಣಗಳಿಂದ ಸಹಜ ದಳವನ್ನು ಬಡಿದೆಬ್ಬಿಸಿ ಎಂಎಸ್ ಹತೋಟಿಗೆ ತರುವುದು ಅದರ ಯೋಜನೆ. ಔಷಧಿಯ ಹೆಸರು ಎಂಐಎಸ್416. ನ್ಯೂಜಿಲೆಂಡಿನಲ್ಲಿ ಅನುಕಂಪದ ಆಧಾರದ ಮೇಲೆ ಅದನ್ನು ಪಡೆದ ಕೆಲವರು ‘ಮೈ ಹಗುರಾಯಿತು’ ಅಂದರು. ಅದೇ ನಮ್ಮ ಅಮೃತಬಳ್ಳಿ ಕಷಾಯ ಗೆದ್ದ ಹಾಗೆ. ಆದರೆ ಇವರು ಅಲ್ಲಿಗೇ ನಿಲ್ಲಿಸಲಿಲ್ಲ. 93 ರೋಗಿಗಳಲ್ಲಿ ಅರ್ಧ ಜನರ ಬದಲಿಗೆ ಒಂದು ಭಾಗಕ್ಕೆ ಔಷಧಿ, ಇನ್ನೊಂದು ಭಾಗಕ್ಕೆ ಔಷಧಿಯಿಲ್ಲದ ಡ್ರಿಪ್ ಕೊಟ್ಟು, ಯಾರಿಗೆ ಯಾವುದು ಅಂತ ಯಾರಿಗೂ ಹೇಳದೆ ಒಂದು ವರ್ಷ ಪರೀಕ್ಷಿಸಿದರು. 2017ರ ಜೂನ್‌ನಲ್ಲಿ ಫಲಿತಾಂಶ ಬಂತು: ಉಪಯೋಗ ಇಲ್ಲ. ಷೇರು ಬೆಲೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಆ ಕಂಪನಿಯ ನಿರ್ದೇಶಕನೂ ಅಮೆರಿಕದ ಸಂಸದನೂ ಆಗಿದ್ದ ಕ್ರಿಸ್ ಕಾಲಿನ್ಸ್, ಸುದ್ದಿ ಹೊರಬೀಳುವ ಮೊದಲೇ ಶ್ವೇತಭವನದ ಅಂಗಳದಿಂದ ಮಗನಿಗೆ ಫೋನ್ ಮಾಡಿ ತಿಳಿಸಿದ, ಮಗ ಷೇರು ಮಾರಿದ. 2019ರಲ್ಲಿ ಕಾಲಿನ್ಸ್ ತಪ್ಪೊಪ್ಪಿಕೊಂಡ, 2020ರ ಜನವರಿಯಲ್ಲಿ 26 ತಿಂಗಳ ಶಿಕ್ಷೆಯಾಯಿತು, ಅದೇ ಡಿಸೆಂಬರಿನಲ್ಲಿ ಅಧ್ಯಕ್ಷರಿಂದ ಕ್ಷಮಾದಾನವೂ ಸಿಕ್ಕಿತು.

ದುಡ್ಡಿದ್ದವರು ಅಲ್ಲೂ ಕಳ್ಳರೇ. ಆದರೆ ನಾನು ಈ ಕತೆಯಲ್ಲಿ ನೋಡುವುದು ಬೇರೆ. ಕೋಟಿಗಟ್ಟಲೆ ಹಣ ಪಣಕ್ಕಿದ್ದಾಗಲೂ, ರೋಗಿಗಳೇ ‘ಚೆನ್ನಾಗಿದೆ’ ಅಂದಾಗಲೂ, ಪರೀಕ್ಷೆ ಮಾತ್ರ ‘ಇಲ್ಲ’ ಅಂತ ಹೇಳಿತು. ನಾನು ಕಳಿಸಿದ ಡಬ್ಬಿ ಇಂಥ ಪರೀಕ್ಷೆಗೆ ಒಮ್ಮೆಯಾದರೂ ಕೂತಿತ್ತಾ? ಡಬ್ಬಿಯ ಮೇಲೆ ಹುಡುಕಿದೆ. ಎಲೆಯ ಚಿತ್ರ ಇತ್ತು, ಋಷಿಯೊಬ್ಬರ ಗಡ್ಡ ಇತ್ತು, ‘ನೂರಕ್ಕೆ ನೂರು ನೈಸರ್ಗಿಕ’ ಅಂತಿತ್ತು. ಪರೀಕ್ಷೆಯ ಸುದ್ದಿ ಇರಲಿಲ್ಲ.

‘ಅದರಿಂದ ಹಾನಿಯೇನಿಲ್ಲವಲ್ಲ’ ಅನ್ನೋದು ಮುಂದಿನ ವಾದ. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಕನಿಷ್ಠ ಹತ್ತು ಸಲ ಕೇಳಿದ್ದೇನೆ. ಹಾನಿ ಇದೆ. ಎಂಎಸ್ ಬಂದು ಹೋಗುವ ಕಾಯಿಲೆ. ಮೊದಮೊದಲು ಪೆಟ್ಟು ಬಿದ್ದ ಮೇಲೆ ಎಷ್ಟೋ ಸಲ ವಾರಗಳಲ್ಲಿ ತಾನೇ ಇಳಿಯುತ್ತದೆ. ಆ ಹೊತ್ತಿಗೆ ಕೈಯಲ್ಲಿ ಏನಿರುತ್ತದೋ, ಕಷಾಯವೋ, ತಾಯತವೋ, ನನ್ನ ಡಬ್ಬಿಯೋ, ಕೀರ್ತಿ ಅದಕ್ಕೇ ಹೋಗುತ್ತದೆ. ಮುಂದಿನ ಪೆಟ್ಟಿನವರೆಗೆ ನಂಬಿಕೆ ಗಟ್ಟಿಯಾಗುತ್ತದೆ, ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಇನ್ನು ಅಮೃತಬಳ್ಳಿಯ ವಿಷಯ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಯಕೃತ್ತು ಕೆಡಿಸಿಕೊಂಡ 43 ರೋಗಿಗಳ ಬಗ್ಗೆ ದೇಶದ 13 ಆಸ್ಪತ್ರೆಗಳ ವೈದ್ಯರು 2022ರಲ್ಲಿ ವರದಿ ಮಾಡಿದ್ದಾರೆ. ಅಮೃತಬಳ್ಳಿ ಸುರಕ್ಷಿತ ಅನ್ನೋದು ಆಯುಷ್ ಸಚಿವಾಲಯದ ನಿಲುವು. ನಾನು ನ್ಯಾಯಾಧೀಶ ಅಲ್ಲ. ಆದರೆ ಸ್ವಂತ ಮೈಮೇಲೇ ಇಮ್ಯೂನಿಟಿ ತಿರುಗಿಬಿದ್ದಿರುವವರಿಗೆ, ‘ಇಮ್ಯೂನಿಟಿ ಕೆರಳಿಸುತ್ತೆ’ ಅಂತಲೇ ಮಾರುವ ಏನನ್ನಾದರೂ ಅವರ ಡಾಕ್ಟರನ್ನು ಕೇಳದೆ ಕೊಡುವುದು ಪ್ರೀತಿ ಅಲ್ಲ, ಅಜಾಗರೂಕತೆ.

ಹಾಗಾದರೆ ಜಾಗರೂಕತೆ ಹೇಗಿರುತ್ತದೆ? ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರಿನ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯಲ್ಲಿ ನರತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ತಂಡ ವರ್ಷಗಟ್ಟಲೆ ಇಂಥ ರೋಗಿಗಳ ದಾಖಲೆ ಕಟ್ಟಿದೆ. ‘ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ’ ಅನ್ನುವವರಿಗೆ, ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಜನಕ್ಕೆ ಎಂಎಸ್ ಇದೆ ಅಂತ ಎಣಿಸಿ ತೋರಿಸಿದ್ದು ಅವರು. ಎಂಎಸ್‌ನಂತೆಯೇ ಕಾಣುವ ಎನ್‌ಎಂಒ ಎಂಬ ಇನ್ನೊಂದು ಕಾಯಿಲೆ ಇದೆ. ಎಂಎಸ್‌ನ ಕೆಲವು ಔಷಧಿಗಳು ಅದನ್ನು ಉಲ್ಬಣಗೊಳಿಸುತ್ತವೆ. ಎರಡನ್ನೂ ಬೇರ್ಪಡಿಸುವ ರಕ್ತಪರೀಕ್ಷೆಯನ್ನು ಕಡಿಮೆ ಖರ್ಚಿನಲ್ಲಿ ಇಲ್ಲೇ ಮಾಡುವಂತೆ ಮಾಡಿದ್ದೂ ಆ ತಂಡವೇ. ಯಾವ ಇಮ್ಯೂನಿಟಿ, ಯಾರ ಇಮ್ಯೂನಿಟಿ ಅಂತ ಕೇಳುವುದು ಅಂದರೆ ಇದು.

ಔಷಧಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮೊದಲ ಬಾರಿಗೆ ಎಂಎಸ್‌ನ ಮೂರು ಔಷಧಿಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ರಿಟುಕ್ಸಿಮಾಬ್ ಒಂದು. ಅದರ ಅಗ್ಗದ ರೂಪವನ್ನು ಭಾರತದ ಕಂಪನಿಗಳು 2007ರಿಂದಲೇ ತಯಾರಿಸುತ್ತಿವೆ. ನಮ್ಮಕ್ಕ ಈಗ ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ಅದೇ ಡ್ರಿಪ್ ಹಾಕಿಸಿಕೊಳ್ಳುತ್ತಾಳೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ. ಆದರೆ ಪಟ್ಟಿಯಲ್ಲಿರುವುದು ಕೌಲ್ ಬಜಾರಿಗೆ ತಾನಾಗೇ ನಡೆದು ಬರಲ್ಲ. ನನ್ನ ಕಂಪನಿಯ ಇನ್ಶೂರೆನ್ಸ್ ಅಪ್ಪ ಅಮ್ಮನಿಗೆ ಸಿಗುತ್ತೆ, ಹೆಂಡತಿ ಮಕ್ಕಳಿಗೆ ಸಿಗುತ್ತೆ, ಅಕ್ಕನಿಗೆ ಸಿಗಲ್ಲ. ಪೀಸಿನ ಲೆಕ್ಕದಲ್ಲಿ ದುಡಿಯುವವಳಿಗೆ ಆಸ್ಪತ್ರೆಗೆ ಬಂದ ದಿನದ ಕೂಲಿಯೂ ಇಲ್ಲ. ವೆಲ್‌ನೆಸ್ ವೀಕ್ ಹೆಸರಲ್ಲಿ ನಮಗೆ ಇಮ್ಯೂನಿಟಿ ಶಾಟ್ ಹಂಚುವ ಎಚ್‌ಆರ್‌ಗಳೇ, ಸ್ವಲ್ಪ ಈ ಕಡೆಗೂ ನೋಡಿ. ಹಸಿರು ಜ್ಯೂಸು ನಮಗೆ ಬೇಡ. ಒಡಹುಟ್ಟಿದವರನ್ನೂ ಸೇರಿಸಿಕೊಳ್ಳಬಹುದಾದ ಪಾಲಿಸಿ ಕೊಡಿಸಿ, ಪ್ರೀಮಿಯಂ ನಾವೇ ಕಟ್ತೀವಿ.

ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಲ್ಲ. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ತಾತ್ಕಾಲಿಕವಾಗಿ ಕೆರಳುತ್ತವೆ. ಉಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯ 1890ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಏಪ್ರಿಲ್ ಮಧ್ಯಾಹ್ನ ಅಕ್ಕನಿಗೆ ಎಡಗಣ್ಣಿನಲ್ಲಿ ದಾರ ಮತ್ತೆ ಮಣ್ಣಾಗುತ್ತದೆ, ಸಂಜೆ ತಂಪಾದರೆ ಮತ್ತೆ ಕಿತ್ತಳೆ. ಪೆಡಲ್ ಒತ್ತುವ ಕೆಲಸ ಬಿಟ್ಟು ಈಗ ಚೆಕಿಂಗ್ ಟೇಬಲ್ಲಿಗೆ ಬಂದಿದ್ದಾಳೆ. ಭಾಯ್ ಅವಳ ಪಕ್ಕಕ್ಕೆ ಒಂದು ಕೂಲರ್ ಇಡಿಸಿದ್ದಾರೆ. ನನ್ನ ಎಂಟು ಡಬ್ಬಿಗಿಂತ ಆ ಒಂದು ಕೂಲರ್ ಮೇಲು.

ಕೌಲು ಅಂದರೆ ಕರಾರು, ಕೊಟ್ಟ ಮಾತು. ಆ ಹೆಸರಿನ ಬಜಾರಿನಲ್ಲಿ ಹುಟ್ಟಿದವನಾಗಿ ಕೇಳಿಕೊಳ್ಳುತ್ತೇನೆ: ಉಳಿಸಿಕೊಳ್ಳಲಾಗದ ಮಾತನ್ನು ಡಬ್ಬಿಯಲ್ಲಿ ತುಂಬಿ ಕಾಯಿಲೆಯವರ ಮನೆಗೆ ಕಳಿಸಬೇಡಿ. ಒಂದು ಕಣ್ಣು ಮಂಜಾದರೆ, ಕೈಕಾಲು ಜೋಮು ಹಿಡಿದು ದಿನ ಕಳೆದರೂ ಇಳಿಯದಿದ್ದರೆ ನರತಜ್ಞರ ಹತ್ತಿರ ಕರೆದೊಯ್ಯಿರಿ. ‘ಇಮ್ಯೂನಿಟಿ ಕಡಿಮೆ ಮಾಡುವ ಔಷಧಿ’ ಅಂತ ಡಾಕ್ಟರ್ ಹೇಳಿದರೆ ಹೆದರಿ ಎದ್ದು ಬರಬೇಡಿ. ಯಾಕೆ, ಯಾವುದನ್ನು, ಎಷ್ಟು ಅಂತ ಅಲ್ಲೇ ಕೂತು ಕೇಳಿ. ನಾನು ಅವತ್ತು ಕೇಳಬೇಕಿದ್ದದ್ದು ಆ ಮೂರೇ ಪ್ರಶ್ನೆ. ಕೇಳೋಕೆ ಹತ್ತು ನಿಮಿಷ ಸಾಕಾಗ್ತಿತ್ತು.